ಹದಿನೆಂಟು ಬಾವಿಗಳ ನೀರು

ಮಧ್ಯಾಹ್ನದ ಊಟವಾದ ಮೇಲೆ ಕುರ್ಚಿಯಲ್ಲಿ ಒಂದಿಷ್ಟು ಕಣ್ಣು ಮುಚ್ಚಿದರೆ ಸಾಕು, ನನ್ನ ಕಾಲ ಕೆಳಗಿನ ನೆಲ ಮೆತ್ತಗಾಗುತ್ತದೆ. ಹನ್ನೆರಡು ವರ್ಷವಾಯಿತು. ಮೊದಲು ಹಿಮ್ಮಡಿಗೆ ಒಂದು ಬೆಚ್ಚನೆಯ ಸ್ಪರ್ಶ, ಆಮೇಲೆ ಮೊಣಕಾಲಿಗೆ, ಆಮೇಲೆ ಸೊಂಟಕ್ಕೆ. ಎಲ್ಲೆಲ್ಲೂ ಬೂದಿಬಣ್ಣದ ಬೆಳಕು. ಆ ಬೆಳಕಿನೊಳಗಿಂದ ನೀರು ಸುರಿಯುವ ಸದ್ದು ಕೇಳುತ್ತದೆ. ಗುಳುಗುಳು ಎಂದು ಒಂದು ಬಾಟಲಿ ಖಾಲಿಯಾಗುತ್ತದೆ, ಸ್ವಲ್ಪ ಹೊತ್ತಿಗೆ ಇನ್ನೊಂದು. ಎಚ್ಚರಾದಾಗ ಎರಡೂ ಕೈಗಳು ಕುರ್ಚಿಯನ್ನು ಬೆರಳು ನೋಯುವಷ್ಟು ಬಿಗಿಯಾಗಿ ಹಿಡಿದಿರುತ್ತವೆ.

ಆ ನೀರನ್ನು ಸುರಿದವರು ಕಳೆದ ತಿಂಗಳು ನಿವೃತ್ತರಾದರು. ಕೊಪ್ಪಳದಲ್ಲಿ ನಾನು ಕೆಲಸ ಮಾಡುವ ನೀರು ಪರೀಕ್ಷೆಯ ಪ್ರಯೋಗಾಲಯದಲ್ಲಿ ಅವರು ಅಟೆಂಡರ್ ಆಗಿದ್ದರು. ಬೀಳ್ಕೊಡುಗೆಯ ದಿನ ನನಗೆ ಎರಡು ಮಾತಾಡಲು ಹೇಳಿದರು. ನಾನು ಎದ್ದು ನಿಂತು, ಸಮಯಕ್ಕೆ ಸರಿಯಾಗಿ ಬರುತ್ತಿದ್ದರು, ಯಾರ ಮನಸ್ಸೂ ನೋಯಿಸಿದವರಲ್ಲ ಎಂದು ಯಾರ ಬಗ್ಗೆಯಾದರೂ ಹೇಳಬಹುದಾದ ಮಾತು ಹೇಳಿ ಕೂತೆ. ಎರಡನೆಯದಂತೂ ಸುಳ್ಳು. ಅವರು ಕೆಲವರ ಮನಸ್ಸನ್ನು ಚೆನ್ನಾಗಿಯೇ ನೋಯಿಸುತ್ತಿದ್ದರು. ಹೆಸರು ಬರೆಯುವುದಿಲ್ಲ, ಬರೆದರೆ ಬೈಯುತ್ತಾರೆ. ನಾವೆಲ್ಲ ಅವರನ್ನು ಅಕ್ಕಾರು ಎನ್ನುತ್ತಿದ್ದೆವು.

ನಮ್ಮ ಕಡೆ ಶಾಲೆಯ ಶಿಕ್ಷಕಿಯನ್ನೂ ಅಕ್ಕಾರು ಎನ್ನುವುದುಂಟು. ಎಂ.ಎಸ್ಸಿ. ತರಗತಿಯ ಮೊದಲ ದಿನ ಅವರು ಬಾಗಿಲಲ್ಲಿ ಕಾಣಿಸಿಕೊಂಡಾಗ ನಾವು ಹತ್ತು ಜನ ಒಮ್ಮೆಲೇ ಎದ್ದು ನಿಂತೆವು. ನಲವತ್ತಾರರ ಹೆಂಗಸು, ಇಸ್ತ್ರಿ ಮಾಡಿದ ಕಾಟನ್ ಸೀರೆ, ಕಂಕುಳಲ್ಲಿ ನೋಟುಬುಕ್ಕು.

"ಕೂಡ್ರಿ, ಕೂಡ್ರಿ. ನಾನೂ ನಿಮ್ಹಂಗ ಅಡ್ಮಿಶನ್ ಮಾಡಿಸಿದಾಕಿ" ಎಂದು ಅವರು ಕಿಟಕಿ ಪಕ್ಕದ ಬೆಂಚಿಗೆ ಹೋಗಿ ಕೂತರು. ನಾವು ಇನ್ನೂ ನಿಂತೇ ಇದ್ದೆವು.

ಪದವಿಯ ಹೆಸರು ದೊಡ್ಡದಿತ್ತು: ಪರಿಸರ ನಿರ್ವಹಣೆ. ನಮ್ಮಲ್ಲಿ ಹೆಚ್ಚಿನವರು ರಸಾಯನಶಾಸ್ತ್ರಕ್ಕೆ ಸೀಟು ಸಿಗದೆ ಬಂದವರು. ನಾನು ಗಂಗಾವತಿಯವನು. ಮನೆಯ ಹಿಂದೆ ಕಾಲುವೆ, ಅದರಾಚೆ ಭತ್ತದ ಗದ್ದೆ. ನೀರು ತಾನಾಗಿ ಬರುವ ವಸ್ತು ಎಂದುಕೊಂಡು ಬೆಳೆದೆ. ಅದರ ದಂಡೆಯಲ್ಲೇ ಬೆಳೆದರೂ ಈಜು ಕಲಿಯಲಿಲ್ಲ. ಅಕ್ಕಾರು ಬೇವೂರಿನ ಕಡೆಯವರು. ಅವರ ಹಲ್ಲಿನ ಮೇಲೆ ಕಂದು ಗೆರೆಗಳಿದ್ದವು, ಆ ಸೀಮೆಯ ಬಾವಿ ನೀರಿನ ಫ್ಲೋರೈಡು ಬರೆದುಹೋದ ಗೆರೆಗಳು. ನಗುವಾಗ ಅವರು ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಿರಲಿಲ್ಲ. ಫ್ಲೋರೈಡಿನ ಪಾಠದ ದಿನ ಸರ್ ಗೋಡೆಯ ಮೇಲೆ ಚಿತ್ರ ತೋರಿಸಲು ಹೋದಾಗ ಕರೆಂಟು ಹೋಯಿತು.

"ಚಿತ್ರ ಯಾಕ್ರಿ ಸರ, ಇಲ್ಲೇ ಅದಾವಲ್ಲ" ಎಂದು ಅಕ್ಕಾರು ಕಿಟಕಿಯ ಬೆಳಕಿಗೆ ಮುಖ ಮಾಡಿ ಹಲ್ಲು ಕಿರಿದರು. "ಬರ್ರಿ, ಸಾಲಾಗಿ ಬಂದ ನೋಡ್ರಿ. ನಾಚಬ್ಯಾಡ್ರಿ." ನಾವು ನಿಜವಾಗಿಯೂ ಸಾಲಾಗಿ ಹೋಗಿ ನೋಡಿದೆವು. ಆ ಪಾಠ ನಮ್ಮಲ್ಲಿ ಯಾರೂ ಮರೆತಿಲ್ಲ.

ಇಂಗ್ಲಿಷಿನ ದೊಡ್ಡ ದೊಡ್ಡ ಮಾತುಗಳನ್ನು ಅವರು ತಮ್ಮ ನೋಟುಬುಕ್ಕಿನಲ್ಲಿ ತಮ್ಮದೇ ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದರು. ಪರಿಸರ ಪರಿಣಾಮದ ಮೌಲ್ಯಮಾಪನ ಎಂಬ ಪಾಠದ ತಲೆಯ ಮೇಲೆ 'ಆಗೂಕಿಂತ ಮೊದ್ಲ ಹೇಳೂದು' ಎಂದು ಬರೆದಿದ್ದನ್ನು ನಾನು ನೋಡಿದ್ದೇನೆ. ಅದರ ಕೆಳಗೆ, ಸಣ್ಣ ಅಕ್ಷರದಲ್ಲಿ, 'ಕೇಳವ್ರು ಇದ್ರ'.

ಅವರು ಈ ವಯಸ್ಸಿನಲ್ಲಿ ಏಕೆ ಬಂದರೆಂದು ನಾನು ಒಮ್ಮೆ ಕೇಳಿದೆ. ಊಟದ ಹೊತ್ತು, ಜೋಳದ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ನನ್ನ ಕೈಗೆ ಕೊಡುತ್ತಿದ್ದರು.

"ಇಪ್ಪತ್ತು ವರ್ಷ ಆತು ತಮ್ಮಾ, ಊರೂರು ಅಡ್ಡಾಡಿ ಬಾವಿ ನೀರ ತರ್ತೀನಿ. ನೀರ ನಾ ತರೂದು, ಸಹಿ ಮತ್ತೊಬ್ರು ಹಾಕೂದು. ಸಹಿ ಹಾಕಾವ್ರಿಗೆ ಆ ಬಾವಿ ಯಾವ ದಿಕ್ಕಿನಾಗ ಐತಿ ಅದೂ ಗೊತ್ತಿಲ್ಲ. ಕುಡ್ಯಾಕ ಯೋಗ್ಯ ಅಂತ ಬರದ ಕೊಡ್ತಾರ. ನಾ ತಂದ ನೀರಿಗೆ ಒಮ್ಮೆರೆ ನಾನ ಸಹಿ ಹಾಕಬೇಕು."

"ಅದಕ್ಕ ಈ ಡಿಗ್ರಿ ಬೇಕೇನ್ರಿ?"

"ಬೇಕು. ಮುಂದಿನ ವರ್ಷ ನಮ್ಮಲ್ಲಿ ವಿಶ್ಲೇಷಕರ ಜಾಗಾ ಖಾಲಿ ಆಗ್ತೈತಿ. ಒಳಗಿನವ್ರಿಗೂ ವಯಸ್ಸಿನ ಮಿತಿ ಐತಿ. ನನಗ ಅದೊಂದ ಗಾಡಿ, ಅದು ತಪ್ಪಿದ್ರ ಮತ್ತ ಇಲ್ಲ. ರೊಟ್ಟಿ ತಿನ್ನು, ಆರತೈತಿ."

ಮಾದರಿ ತೆಗೆಯುವುದರಲ್ಲಿ ಅವರದೊಂದು ರೀತಿ ಇತ್ತು. ಬಾಟಲಿಯನ್ನು ಅದೇ ಬಾವಿಯ ನೀರಿನಲ್ಲಿ ಮೂರು ಸಲ ತೊಳೆಯುವುದು ಎಲ್ಲರೂ ಮಾಡುವ ಕೆಲಸ. ಅಕ್ಕಾರು ಅದಾದ ಮೇಲೆ ಅಂಗೈಯಲ್ಲಿ ಒಂದು ಹನಿ ಹಿಡಿದು ನಾಲಿಗೆಗೆ ತಾಗಿಸುತ್ತಿದ್ದರು. ಸರ್ ಅದನ್ನು ನಿಷೇಧಿಸಿದ್ದರು. "ಹೂಂ ಸರ, ಇನ್ನ ಮುಂದ ಇಲ್ರಿ" ಎನ್ನುವರು, ಸರ್ ಆಚೆ ತಿರುಗಿದೊಡನೆ ನಾಲಿಗೆ ಚಾಚುವರು. ಬಾಟಲಿ ತುಂಬಿ ಮುಚ್ಚಿದ ನಂತರವೇ, ಬಾವಿಕಟ್ಟೆಯ ಮೇಲೆ ಕೂತು, ಚೀಟಿ ಬರೆದು ಅಂಟಿಸುವರು. ಎಲ್ಲಿ, ಯಾವ ಹೊತ್ತು, ಯಾರು ನೀರು ಸೇದುತ್ತಿದ್ದರು, ಎಲ್ಲವೂ ಅದರಲ್ಲಿ.

ನನ್ನ ರೀತಿ ಬೇರೆ. ಹಿಂದಿನ ದಿನವೇ ಹಾಸ್ಟೆಲ್ಲಿನಲ್ಲಿ ಕೂತು ಚೀಟಿಗಳನ್ನೆಲ್ಲ ದುಂಡಗೆ ಬರೆದು, ಅಕ್ಷಾಂಶ ರೇಖಾಂಶ ಹಾಕಿ, ಖಾಲಿ ಬಾಟಲಿಗಳಿಗೆ ಅಂಟಿಸಿಟ್ಟುಬಿಡುತ್ತಿದ್ದೆ. ಸರ್ ಅದನ್ನು ಎಲ್ಲರಿಗೂ ತೋರಿಸಿ ಹೊಗಳಿದ್ದರು. ಅಕ್ಕಾರು ಮಾತ್ರ, "ಕೂಸು ಹುಟ್ಟೂಕಿಂತ ಮೊದ್ಲ ಕುಲಾವಿ ಹೊಲದಿ, ತಲಿ ಅದಕ್ಕ ಹೊಂದ್ಲಿಲ್ಲಂದ್ರ ತಲೀನ ಒತ್ತತಿಯೇನು?" ಎಂದು ನಕ್ಕಿದ್ದರು.

ಬೇಸಿಗೆಯ ಕೊನೆಯ ವಾರ. ಅಕ್ಕಾರ ಪ್ರಬಂಧ ಬಾವಿಗಳ ಮೇಲೆ: ಯಲಬುರ್ಗಾ, ಕುಷ್ಟಗಿ, ಕೊಪ್ಪಳದ ಹಳ್ಳಿಗಳ ಹದಿನೆಂಟು ಬಾವಿಗಳ ನೀರು, ಮಳೆಗೆ ಮುಂಚೆ ಒಮ್ಮೆ, ಮಳೆ ಆದ ಮೇಲೆ ಒಮ್ಮೆ. ಮಳೆಯ ನಂತರದ್ದನ್ನು ಹಿಂದಿನ ವರ್ಷವೇ ಮುಗಿಸಿದ್ದರು. ನನ್ನದು ಕೊಪ್ಪಳದಿಂದ ಸ್ವಲ್ಪ ದೂರದಲ್ಲಿದ್ದ ಒಂದು ಕಾರ್ಖಾನೆಯ ಬೂದಿಕೆರೆ. ಕುಲುಮೆಯ ಬೂದಿಯನ್ನು ನೀರಲ್ಲಿ ಕಲಸಿ ಕೊಳವೆಯಲ್ಲಿ ತಂದು ಅಲ್ಲಿ ಬಿಡುತ್ತಿದ್ದರು. ಕ್ಷೇತ್ರಕಾರ್ಯಕ್ಕೆ ಒಬ್ಬರೇ ಹೋಗಬಾರದು, ಜೋಡಿಯಾಗಿಯೇ ಹೋಗಬೇಕೆಂಬುದು ನಮ್ಮ ಸ್ನಾತಕೋತ್ತರ ಕೇಂದ್ರದ ನಿಯಮ. ನಾನೂ ಅಕ್ಕಾರೂ ಜೋಡಿ. ಎರಡು ದಿನ ನನ್ನ ಬೈಕಿನ ಹಿಂದೆ ಕೂತು ಅವರು ತಮ್ಮ ಹದಿನೆಂಟೂ ಬಾವಿ ಮುಗಿಸಿದರು. ಥರ್ಮೊಕೋಲ್ ಡಬ್ಬಿಯಲ್ಲಿ ಮಂಜುಗಡ್ಡೆಯ ನಡುವೆ ಒಂದೊಂದು ಲೀಟರಿನ ಹದಿನೆಂಟು ಬಾಟಲಿಗಳು ಕೂತಿದ್ದವು. ಅದಕ್ಕೆ ಗೋಣಿಚೀಲ ಹೊದಿಸಿ ಬೈಕಿನ ಹಿಂಬದಿಗೆ ಕಟ್ಟಿದ್ದರು. ಮರಳುವ ದಾರಿಯಲ್ಲಿ ನನ್ನ ಬೂದಿಕೆರೆ.

ಆ ಮಧ್ಯಾಹ್ನವನ್ನು ನೆನೆದರೆ ಮೊದಲು ನೆನಪಾಗುವುದು ಅದರ ಚಂದ. ಪಶ್ಚಿಮಕ್ಕೆ ಮೋಡ ಕಟ್ಟಿತ್ತು. ಗಾಳಿ ಇರಲಿಲ್ಲ. ಕೆರೆ ಬೆಳ್ಳಿಯ ತಾಟಿನ ಹಾಗೆ ಮಲಗಿತ್ತು. ಮೂರು ಬಿಂದುಗಳ ಮಾದರಿಯನ್ನು ದಂಡೆಯಿಂದಲೇ ತೆಗೆದೆ. ನಾಲ್ಕನೆಯ ಬಾಟಲಿಯ ಮೇಲಿನ ಚೀಟಿ ಹೇಳುತ್ತಿದ್ದ ಜಾಗ ದಂಡೆಯಿಂದ ಮೂವತ್ತು ಹೆಜ್ಜೆ ಒಳಗಿತ್ತು. ನಕ್ಷೆ ನೋಡಿ ನಾನು ಗುರುತು ಹಾಕಿದಾಗ ಅಲ್ಲಿ ತಿಳಿನೀರಿನ ಮೂಲೆ ಕಾಣಿಸಿತ್ತು. ಈಗ ಅಲ್ಲೆಲ್ಲ ಬೂದಿ ತುಂಬಿ, ಒಣಗಿ, ಬಿರುಕು ಬಿಟ್ಟು, ಗಟ್ಟಿ ನೆಲದಂತೆ ತೋರುತ್ತಿತ್ತು. ಮೇಲೆ ಕೊಕ್ಕರೆಗಳ ಹೆಜ್ಜೆ ಗುರುತುಗಳಿದ್ದವು.

ಚೀಟಿ ಹರಿದು ಬೇರೆ ಬರೆಯಬಹುದಿತ್ತು. ಅಷ್ಟು ದುಂಡಗೆ ಬರೆದ ಚೀಟಿ! ಮೊಬೈಲಿನಲ್ಲಿ ಅಕ್ಷಾಂಶ ನೋಡುತ್ತ, ಅಂಕಿ ಚೀಟಿಯ ಅಂಕಿಗೆ ಕೂಡಲಿ ಎಂದು ಒಂದೊಂದೇ ಹೆಜ್ಜೆ ಇಟ್ಟೆ. ಕೊನೆಯ ಅಂಕಿ ಕೂಡಿದ ಕ್ಷಣವೇ ನೆಲ ಕೆನೆಯ ಹಾಗೆ ಮಡಿಚಿಕೊಂಡಿತು.

"ಅಕ್ಕಾರ!"

ನನಗೆ ಕೇಳಿದ್ದು ನನ್ನ ದನಿಯೋ ಬೇರೆಯವರದೋ ತಿಳಿಯಲಿಲ್ಲ. ಸೊಂಟದವರೆಗೆ ಬೂದಿ. ಬೆಚ್ಚಗಿತ್ತು. ಕಾಲಿಗೆ ತಳ ಸಿಗಲಿಲ್ಲ. ಮೊಬೈಲು ಎಲ್ಲಿ ಹೋಯಿತೋ.

ಅಕ್ಕಾರು ದಂಡೆಯ ತುದಿಗೆ ಬಂದು ನಿಂತರು. "ಕಾಲ ಒದೀಬ್ಯಾಡ! ಮಲಗು! ಎದಿ ಮ್ಯಾಲ ಮಲಗು!"

"ಮಲಗಿದ್ರ ಮುಳಗ್ತೀನ್ರಿ!"

"ನಿಂತ್ರ ಮುಳಗ್ತಿ, ಹುಚ್ಚಪ್ಪಾ! ಮಲಗು!"

ಬಾವಿಗೆ ಬಾಟಲಿ ಇಳಿಸುವ ಉದ್ದನೆಯ ಹಗ್ಗವನ್ನು ಎಸೆದರು. ಎರಡನೆಯ ಸಲಕ್ಕೆ ತುದಿ ಸಿಕ್ಕಿತು. ಅವರು ಎಳೆದರು. ಕಾಲು ಕದಲಲಿಲ್ಲ, ಎಳೆದಷ್ಟೂ ಎದೆ ಬೂದಿಗೆ ಒತ್ತಿ, ಗಲ್ಲಕ್ಕೆ ಬೂದಿ ತಾಗಿತು. ಕಾರ್ಖಾನೆಯ ಗೇಟು ಕೆರೆಯ ಆ ತುದಿಯಲ್ಲಿತ್ತು. ಅವರು ಒಮ್ಮೆ ಆ ಕಡೆ ಕೂಗಿದರು. ಯಂತ್ರಗಳ ಗುಂಯ್‌ಗುಡುವ ಸದ್ದಿಗೆ ಆ ಕೂಗು ಅರ್ಧಕ್ಕೇ ಕರಗಿತು.

ಆಗ ಅವರು ಡಬ್ಬಿಯ ಕಡೆ ನೋಡಿದರು. ಆ ನೋಟ ಎಷ್ಟು ಹೊತ್ತಿತ್ತು ಎಂದು ನಾನು ಇಂದಿಗೂ ಅಳೆಯುತ್ತಿರುತ್ತೇನೆ. ಕೆಲವು ದಿನ ಒಂದು ಉಸಿರಿನಷ್ಟು, ಕೆಲವು ದಿನ ಒಂದು ಇಡೀ ಮಧ್ಯಾಹ್ನದಷ್ಟು.

ಮುಚ್ಚಳ ತೆಗೆದರು. ಮೊದಲ ಬಾಟಲಿಯ ಬಿರಡೆ ತಿರುಗಿಸಿ ತಲೆಕೆಳಗು ಮಾಡಿದರು. ಗುಳುಗುಳು.

"ಅಕ್ಕಾರ, ಏನ ಮಾಡಾಕತ್ತೀರಿ?"

"ಸುಮ್ಕಿರು. ಸಣ್ಣಾಕಿದ್ದಾಗ ನಮಗ ಬೆನ್ನಿಗೆ ಖಾಲಿ ಡಬ್ಬಿ ಕಟ್ಟಿ ಬಾವ್ಯಾಗ ನೂಕಿ ಈಸ ಕಲಿಸ್ಯಾರ. ಗಾಳಿ ಇದ್ರ ತೇಲತೈತಿ. ನೀ ನನ್ನ ನೋಡು. ಕಣ್ಣ ಮುಚ್ಚಬ್ಯಾಡ."

ನಾನು ಕಣ್ಣು ಮುಚ್ಚದಿರಲೆಂದು ಅವರು ಮಾತಾಡುತ್ತಲೇ ಇದ್ದರು. "ಇದು ನೋಡು, ನಮ್ಮ ಅತ್ತಿಮನಿ ಊರಿಂದು. ಹೋತು. ಇದು ಕುಷ್ಟಗಿ ರಸ್ತೆದು, ಆ ಮುದುಕಿ ಕೊಡ ಕೊಡಂಗಿಲ್ಲ ಅಂತ ಜಗಳಾಡಿದ್ಲಲ್ಲ, ಆ ಬಾವಿದು. ನಗು, ನಗು. ಇದು ಬೇವೂರಿಂದು." ಬೇವೂರಿನದನ್ನು ನಿಧಾನಕ್ಕೆ ಸುರಿದರು. ಒಂದೊಂದನ್ನೂ ಖಾಲಿ ಮಾಡಿ, ಬಿರಡೆ ಮತ್ತೆ ಬಿಗಿದು, ಗೋಣಿಚೀಲಕ್ಕೆ ಹಾಕುತ್ತಿದ್ದರು. ಹದಿನೆಂಟು ಊರುಗಳ ಬೇಸಿಗೆಯ ನೀರು ದಂಡೆಯ ಮೇಲಿಂದ ಒಂದು ಸಣ್ಣ ಹಳ್ಳವಾಗಿ ಇಳಿದು ಬಂದು ಕೆಳಗಿನ ಬೂದಿಯ ಅಂಚನ್ನು ಕಪ್ಪಗೆ ತೋಯಿಸಿತು. ನಾನು ಅದನ್ನೇ ನೋಡುತ್ತಿದ್ದೆ. ಹೆದರಿಕೆ ಎಲ್ಲೋ ದೂರದಲ್ಲಿತ್ತು. ಇಷ್ಟು ತಿಳಿನೀರು ಈ ಜಾಗಕ್ಕೆ ಹೇಗೆ ಬಂತು ಎಂದು ಯೋಚಿಸುತ್ತಿದ್ದೆ.

ಚೀಲದ ಬಾಯಿ ಕಟ್ಟಿ, ಅದನ್ನು ಹಗ್ಗದ ನಡುವಿಗೆ ಬಿಗಿದು, ತಮ್ಮ ಕಡೆಯ ತುದಿಯನ್ನು ಬೇಲಿಯ ಕಲ್ಲುಕಂಬಕ್ಕೆ ಸುತ್ತಿದರು. ನಾನು ಹಗ್ಗ ಜಗ್ಗಿ ಚೀಲವನ್ನು ಎದೆಯ ಕೆಳಗೆ ತಂದುಕೊಂಡೆ. ಅದು ತೇಲಿತು. ಅದರ ಮೇಲೆ ಮಲಗಿ, ಅವರು ಹೇಳಿದ ಹಾಗೆ ಒಂದು ಕಾಲನ್ನು ಬೆರಳಿನಷ್ಟು, ಮತ್ತೊಂದನ್ನು ಬೆರಳಿನಷ್ಟು ಬಿಡಿಸಿಕೊಳ್ಳುತ್ತ, ಸುಮಾರು ಒಂದು ಗಂಟೆಗೆ ದಂಡೆ ಮುಟ್ಟಿದೆ. ಅಕ್ಕಾರ ಅಂಗೈ ಸುಲಿದು ಹೋಗಿತ್ತು. ಅವರು ನನ್ನ ಮುಖದ ಬೂದಿಯನ್ನು ಸೆರಗಿನಿಂದ ಒರೆಸಿ, ಮೊದಲು ಒಂದು ಏಟು ಹೊಡೆದರು, ಆಮೇಲೆ ತಬ್ಬಿಕೊಂಡರು.

ಮರುದಿನ ಬೆಳಿಗ್ಗೆ ಮಳೆ ಬಂತು. ಕೊಪ್ಪಳಕ್ಕೂ, ಯಲಬುರ್ಗಾಕ್ಕೂ, ಕುಷ್ಟಗಿಗೂ. ಬಾವಿಗಳಿಗೆ ಹೊಸ ನೀರು ಇಳಿಯಿತು. ಮಳೆಗೆ ಮುಂಚಿನ ನೀರು ಇನ್ನು ಮುಂದಿನ ವರ್ಷಕ್ಕೇ.

ಪ್ರಬಂಧ ಒಪ್ಪಿಸಲು ಒಂದು ತಿಂಗಳಿತ್ತು. ಸರ್ ಒಳ್ಳೆಯವರು. ಅಕ್ಕಾರನ್ನು ಕರೆದು ಮೆಲ್ಲಗೆ, "ಹಿಂದಿನ ವರ್ಷದವರು ಮಾಡಿದ ಅಂಕಿ ಅದಾವ, ಸರಾಸರಿ ಹಾಕ್ರಿ. ಯಾರೂ ನೋಡಂಗಿಲ್ಲ" ಎಂದರು. ನಾನು ಪಕ್ಕದಲ್ಲೇ ಇದ್ದೆ.

"ನೋಡಂಗಿಲ್ರಿ ಸರ. ಆದ್ರ ನಾನೂ ನೋಡಿಲ್ಲಲ್ರಿ" ಎಂದರು ಅಕ್ಕಾರು.

ಖಾಲಿ ಕೋಷ್ಟಕದ ಪ್ರಬಂಧಕ್ಕೆ ಸಹಿ ಹಾಕಲು ಸರ್‌ಗೂ ಬರುವುದಿಲ್ಲ. ಅಕ್ಕಾರಿಗೆ ಆ ವರ್ಷ ಪದವಿ ಬರಲಿಲ್ಲ. ನನಗೆ ಬಂತು. ನನ್ನ ನಾಲ್ಕನೆಯ ಬಿಂದುವಿನ ಸಾಲು ತುಂಬಿತ್ತು. ಆ ಸಂಜೆ ಕೈಕಾಲು ತೊಳೆದ ಮೇಲೆ, ಹೆಗಲ ಚೀಲದಲ್ಲೇ ಉಳಿದಿದ್ದ, ಚೀಟಿ ಅಂಟಿದ್ದ ಆ ನಾಲ್ಕನೆಯ ಬಾಟಲಿಯನ್ನು ಕೆರೆಯಿಂದ ತಿಳಿನೀರು ಹೊರಗೆ ಹೋಗುವ ಕೊಳವೆಯ ಕೆಳಗೆ ಹಿಡಿದು ತುಂಬಿಸಿಕೊಂಡಿದ್ದೆ. ಅಕ್ಕಾರು ಆಗ ಬೈಕಿಗೆ ಖಾಲಿ ಡಬ್ಬಿ ಕಟ್ಟುತ್ತಿದ್ದರು. ಜೀವ ಹೋಗಿ ಬಂದ ಜಾಗದ ನೀರು ಅದು, ಅಷ್ಟಕ್ಕಾದರೂ ಒಂದು ಅಂಕಿ ಸಿಗಬೇಕು ಎಂದೇನೋ ಸಮಾಧಾನ ಹೇಳಿಕೊಂಡಿದ್ದೆ.

ವಿಶ್ಲೇಷಕರ ಹುದ್ದೆಗೆ ಅರ್ಜಿ ಕರೆದಾಗ ಅಕ್ಕಾರೇ ನನಗೆ ಫೋನು ಮಾಡಿದರು. "ನನ್ನ ಗಾಡಿ ಅಂತೂ ಹೋತು. ನೀನರೆ ಹತ್ತು. ಗೊತ್ತಿಲ್ಲದವರು ಕುಂದ್ರೂಕಿಂತ ಛಲೋ." ನನಗೆ ಆ ಹುದ್ದೆ ಸಿಕ್ಕಿತು. ಅಂದಿನಿಂದ ಅವರು ನೀರು ತರುವುದು, ನಾನು ಸಹಿ ಹಾಕುವುದು. ಮುಂದಿನ ವರ್ಷ ಹದಿನೆಂಟು ಬಾವಿಗಳನ್ನು ಮತ್ತೆ ಸುತ್ತಿ ಅವರು ಪದವಿ ಪಡೆದರು. ಆ ಹೊತ್ತಿಗೆ ವಯಸ್ಸು ಮಿತಿ ದಾಟಿತ್ತು. ನಾಲ್ಕು ಜನರೆದುರು ನನ್ನನ್ನು "ಸಾಹೇಬ್ರ" ಎನ್ನುವರು. ಯಾರೂ ಇಲ್ಲದಾಗ, "ಏ ತಮ್ಮಾ, ಸಹಿ ಹಾಕೂಕಿಂತ ಮೊದ್ಲ ಒಂದ ಹನಿ ನಾಲಿಗಿಗೆ ಹಚ್ಚಿ ನೋಡು" ಎನ್ನುವರು. ನಾನು ಒಮ್ಮೆಯೂ ಹಚ್ಚಲಿಲ್ಲ. ಆ ಮಧ್ಯಾಹ್ನದ ಮಾತನ್ನು ನಾವಿಬ್ಬರೂ ಎತ್ತುತ್ತಿರಲಿಲ್ಲ. ಮಳೆಗಾಲದ ಮೊದಲ ದಿನ ಮಾತ್ರ ಕಿಟಕಿಯಾಚೆ ನೋಡಿ, "ಬಂತು ನೋಡು" ಎನ್ನುತ್ತಿದ್ದರು, ಅಷ್ಟೇ.

ಬೀಳ್ಕೊಡುಗೆ ಮುಗಿದು ಎಲ್ಲರೂ ಉಪ್ಪಿಟ್ಟು ತಿಂದು ಹೋದ ಮೇಲೆ ಅವರು ಪ್ರಯೋಗಾಲಯದ ಮೆಟ್ಟಿಲ ಮೇಲೆ ಕೂತಿದ್ದರು, ಪಕ್ಕದಲ್ಲಿ ಹಾರ ಇಟ್ಟಿದ್ದ ಪ್ಲಾಸ್ಟಿಕ್ ಚೀಲ. ನಾನು ಹೋಗಿ ಕೆಳಗಿನ ಮೆಟ್ಟಿಲ ಮೇಲೆ ಕೂತೆ.

"ಅಕ್ಕಾರ, ಒಂದ ಮಾತ ಹೇಳೂದೈತ್ರಿ. ನನ್ನ ಥೀಸಿಸ್ಸಿನಾಗ ನಾಲ್ಕನೇ ಪಾಯಿಂಟಿನ ನೀರು ನಾ ಅಲ್ಲಿ ತಗೊಂಡಿದ್ದಿಲ್ರಿ."

"ಗೊತ್ತೈತಿ."

"ಯಾವಾಗ ಗೊತ್ತಾತ್ರಿ?"

"ಲೈಬ್ರರಿಯಾಗ ನಿಂದು ತಗದ ಓದಿದ್ನೆಲ್ಲ, ಅವಾಗ. ಸೊಂಟದ ಮಟ ಹುಗದಾವ ಬಾಟ್ಲಿ ಹೆಂಗ ತುಂಬಿದಾ ಅಂತ ನಕ್ಕೆ." ಅವರು ಈಗಲೂ ನಕ್ಕರು. ಆಮೇಲೆ ನಗು ಬಿಟ್ಟು ಹೇಳಿದರು: "ನಿನ್ನ ಫ್ಲೋರೈಡಿನ ಅಂಕಿ ಭಾಳ ಕಮ್ಮಿ ಇತ್ತು. ಆ ಕೆರಿ ಹಿಂದಿನ ಬಾವಿ ನನ್ನ ಹದಿನೇಳನೇದು, ಕೆರಿ ನೀರ ಅದಕ್ಕ ಬಸದ ಇಳೀತೈತಿ. ನಿನ್ನ ಅಂಕಿ ಖರೇ ಅಂದ್ರ ಆ ಬಾವಿಗೆ ಏನೂ ಧಕ್ಕಿ ಇಲ್ಲ ಅಂತ ಆಗ್ತಿತ್ತು. ಅಲ್ಲಿ ಹೆಣ್ಮಕ್ಕಳು ನೀರ ಸೇದತಿದ್ರು. ಅದಕ್ಕ ಮುಂದಿನ ಬ್ಯಾಸಿಗಿಗೆ ಹೋಗಿ ತಗೊಂಡ ಬಂದೆ."

"ಎಲ್ಲಿಂದ್ರಿ?"

"ನಾಲ್ಕನೇ ಪಾಯಿಂಟಿನಿಂದ. ಮತ್ತೆಲ್ಲಿಂದ? ಎರಡ ಹಲಗಿ ಒಯ್ದಿದ್ದೆ. ಒಂದರ ಮ್ಯಾಲ ಮಲಗೂದು, ಇನ್ನೊಂದ ಮುಂದ ಸರಸೂದು. ಮ್ಯಾಲಿನ ಕೆನಿ ಒಡದ್ರ ಕೆಳಗ ನೀರ ಸಿಕ್ತು. ನಿಂದಕ್ಕಿಂತ ಮೂರ ಪಟ್ಟ ಬಂತು. ನನ್ನ ಥೀಸಿಸ್ಸಿನ ಕೊನೀ ಹಾಳ್ಯಾಗ ಐತಿ. ಆ ಹೆಣ್ಮಕ್ಕಳಿಗೂ ಹೋಗಿ ಹೇಳ್ದೆ, ಆ ಬಾವಿ ಬಿಟ್ಟಾರ."

ಅವರ ಪ್ರಬಂಧ ಹನ್ನೊಂದು ವರ್ಷದಿಂದ ನನ್ನ ಪ್ರಬಂಧದ ಪಕ್ಕದಲ್ಲೇ, ಅದೇ ಗ್ರಂಥಾಲಯದಲ್ಲಿದೆ. ನಾನು ತೆಗೆದು ನೋಡಿರಲಿಲ್ಲ.

"ದಂಡಿ ಮ್ಯಾಲ ಯಾರಿದ್ರು ಅಕ್ಕಾರ?"

"ಯಾರಿರ್ತಾರ? ಯಾರೂ ಇದ್ದಿಲ್ಲ" ಎಂದು ಅವರು ಚೀಲ ಎತ್ತಿಕೊಂಡು ಎದ್ದರು. ಆಟೋ ಬಂದಿತ್ತು.

ಈಗ ನನ್ನ ಮಧ್ಯಾಹ್ನದ ಕನಸು ಬದಲಾಗಿದೆ. ಅದೇ ಬೂದಿಬಣ್ಣದ ಬೆಳಕು, ಅದೇ ನಿಂತ ಗಾಳಿ. ಬೂದಿಯಲ್ಲಿ ನಾನಿಲ್ಲ. ಐವತ್ತರ ಸನಿಹದ ಒಬ್ಬ ಹೆಂಗಸು ಸೀರೆಯ ನೆರಿಗೆ ಸಿಕ್ಕಿಸಿಕೊಂಡು, ಹಲಗೆಯ ಮೇಲೆ ಬೋರಲು ಮಲಗಿ, ಇನ್ನೊಂದು ಹಲಗೆಯನ್ನು ಮುಂದೆ ತಳ್ಳುತ್ತ ಮೂವತ್ತು ಹೆಜ್ಜೆ ದೂರ ಹೋಗುತ್ತಿದ್ದಾರೆ. ದಂಡೆ ಬರಿದಾಗಿದೆ. ನಾನು ಕೂಗಲು ಬಾಯಿ ತೆರೆಯುತ್ತೇನೆ. ಎಚ್ಚರಾಗುತ್ತದೆ.

ಆ ದಿನ ನಾನೆಲ್ಲಿದ್ದೆ ಎಂದು, ಅವರ ಪ್ರಬಂಧವನ್ನು ಕೊನೆಗೂ ತೆಗೆದು ಓದಿದ ಮೇಲೆ, ಮೊನ್ನೆ ಕಚೇರಿಯ ಹಳೆಯ ಕಡತ ತೆಗೆದು ನೋಡಿದೆ. ಅವರ ಪ್ರಬಂಧದ ಕೊನೆಯ ಪುಟದ ತಾರೀಖಿಗೆ ಸರಿಯಾಗಿ ಒಂದು ರಜೆ ಚೀಟಿ ಇತ್ತು. ಮಧ್ಯಾಹ್ನದ ಅರ್ಧ ದಿನ; ಕಾರಣ, ಪ್ರಬಂಧಕ್ಕೆ ಮಾದರಿ ಸಂಗ್ರಹ. ಮಂಜೂರು ಮಾಡಿ ಕೆಳಗೆ ದುಂಡಗೆ ಸಹಿ ಹಾಕಿದವನು ನಾನು. ಜೊತೆಗೆ ಯಾರು ಬರುತ್ತಾರೆ ಎಂದು ಕೇಳಿರಲಿಲ್ಲ.